ಹತ್ತರಲ್ಲಿ ನಾಲ್ಕು ಗೀಸರ್

ಕಾಪು
20 ಜುಲೈ 2025

ಹರಿ,

ಕ್ಷೇಮವೇ ಎಂದು ಕೇಳಿ ಶುರು ಮಾಡುವಷ್ಟು ಒಳ್ಳೆಯ ಮನಸ್ಸು ಈಗ ನನ್ನಲ್ಲಿಲ್ಲ. ಫೋನಿನಲ್ಲಿ ನಾವಿಬ್ಬರು ಜಗಳವಾಡಿ ತಿಂಗಳಾಯಿತು. ನೀನು ಕಟ್ ಮಾಡಿದೆ, ನಾನು ತಿರುಗಿ ಮಾಡಲಿಲ್ಲ. ಬೈದದ್ದೆಲ್ಲ ತುಳುವಿನಲ್ಲಿ. ಕನ್ನಡದಲ್ಲಿ ಬರೆದರೆ ಸ್ವಲ್ಪ ಮರ್ಯಾದೆಯಲ್ಲಿ ಇರುತ್ತೇನೆ ಅಂತ ಕಾಣುತ್ತದೆ, ಅದಕ್ಕೆ ಈ ಕಾಗದ. ಮೇಲ್ ಕಳಿಸಿದರೆ ನೀನು ಅರ್ಧ ಓದಿ ಉತ್ತರ ಬರೆಯುತ್ತೀ, ನಿನ್ನ ಬುದ್ಧಿ ನನಗೆ ಗೊತ್ತುಂಟು.

ವಿಷಯ ಅದೇ. ಕಾಪು ಬದಿಯ ನಮ್ಮ ತೆಂಕುಬೈಲಿನ ಟಿಸಿ. ಊರಿಗೆ ಇರುವುದು ಒಂದೇ ಟ್ರಾನ್ಸ್‌ಫಾರ್ಮರ್, ಅರವತ್ತಮೂರು ಕೆ.ವಿ.ಎ.ಯದ್ದು, ನಾವು ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವಾಗಲೇ ಮುದಿಯಾಗಿದ್ದದ್ದು. ಊರಿನ ಬಚ್ಚಲುಗಳಿಂದ ಹಂಡೆ ಕೀಳಿಸಿ ಗೀಸರ್ ಹಾಕಿಸಿದವಳು ನಾನೇ. ಮನೆಮನೆಗೆ ಹೋಗಿ, ಮಹಿಳಾ ಸಂಘದಲ್ಲಿ ಭಾಷಣ ಮಾಡಿ, ಒಲೆಯೂ ಕರೆಂಟಿನದ್ದೇ ಆಗಲಿ ಎಂದು ಬೆನ್ನುಬಿದ್ದು ಮಾಡಿಸಿದೆ. ಯಾಕೆ ಎಂದು ನಿನಗೆ ಹೇಳಬೇಕಾಗಿಲ್ಲ. ಅಮ್ಮ ನಲವತ್ತು ವರ್ಷ ತೆಂಗಿನ ಮಡಲು, ಗೆರಟೆ ಉರಿಸಿ ಹಂಡೆಗೆ ಬೆಂಕಿ ಹಾಕಿದವರು. ಈಗ ಅವರ ಮೂಗಿಗೆ ನಳಿಗೆ ಹಾಕಿದೆ, ಮಂಚದ ಪಕ್ಕದಲ್ಲಿ ಆಮ್ಲಜನಕದ ಯಂತ್ರ ಗುರುಗುಟ್ಟುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಬೆಂಕಿ ನಿಲ್ಲಿಸಿದರೆ ಸಾಲದು, ಮಾರಾಯ್ತಿ. ನಮ್ಮಲ್ಲಿ ಮನೆಗಳು ಒತ್ತೊತ್ತಾಗಿವೆ. ಪಕ್ಕದ ಮನೆಯ ಲವಿಟಾ ಬೆಂಕಿ ಹಾಕಿದರೆ ಕೆಮ್ಮುವುದು ಅಮ್ಮ. ಹೊಗೆ ನಿಂತ ಮೇಲೆ ಅಮ್ಮ ರಾತ್ರಿ ಮಲಗುತ್ತಿದ್ದಾರೆ. ನನಗೆ ಬೇಕಾದದ್ದು ಅಷ್ಟೇ.

ಈಗ ಬೆಳಿಗ್ಗೆ ಎಲ್ಲ ಗೀಸರ್ ಹಾಕುವ ಹೊತ್ತಿಗೆ ಟಿಸಿ ನರಳುತ್ತದೆ. ವಾರಕ್ಕೊಮ್ಮೆ ಫ್ಯೂಸ್ ಹೋಗುತ್ತದೆ. ನೂರು ಕೆ.ವಿ.ಎ.ಯದ್ದು ಕೊಡಿ ಎಂದು ಬರೆದರೆ ನಮ್ಮ ವಿದ್ಯುತ್ ಕಚೇರಿಯ ಮೇಲಧಿಕಾರಿ ವಿಜಯೀಂದ್ರ ಸಾಹೇಬರು ದೆಹಲಿಯ ಮಾರ್ಗದರ್ಶಿ ಪುಸ್ತಕವನ್ನು ಮುಂದಿಟ್ಟರು. ‘ಹತ್ತು ಗೀಸರುಗಳಲ್ಲಿ ಒಂದೇ ಹೊತ್ತಿಗೆ ನಾಲ್ಕಷ್ಟೇ ಉರಿಯುತ್ತವೆ, ಹಾಗಾಗಿ ಅರವತ್ತಮೂರು ಧಾರಾಳ ಸಾಕು.’ ಅದನ್ನು ಬರೆದವಳು ಯಾರು? ನೀನು. ಅವರಿಗೆ ನೀನು ನನ್ನ ಸ್ನೇಹಿತೆ ಎಂದು ಗೊತ್ತಿಲ್ಲ, ಇಲ್ಲದಿದ್ದರೆ ಇನ್ನೂ ನಗುತ್ತಿದ್ದರು.

ಈ ಲೆಕ್ಕ ಕರಾವಳಿಯ ಹಳ್ಳಿಗಳಿಗೆ ಹೊಂದುವುದಿಲ್ಲ ಎಂದು ಒಂದೇ ಒಂದು ಸಾಲು ಬರೆದುಕೊಡು. ದೀಪಾವಳಿಗೆ ಮೊದಲು ದೊಡ್ಡ ಟಿಸಿ ಬರದಿದ್ದರೆ ಜನ ಬೇಸತ್ತು ಹಂಡೆಗೆ ಹೋಗುತ್ತಾರೆ. ಆಮೇಲೆ ಅಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಹೇಳು.

ಕೋಪದಲ್ಲೇ ಇರುವ,
ಸೌಮ್ಯಶ್ರೀ


ದೆಹಲಿ
11 ಆಗಸ್ಟ್ 2025

ಸೌಮ್ಯಾ,

ನಿನ್ನ ಕಾಗದವನ್ನು ಪೂರ್ತಿ ಓದಿದೆ. ಎರಡು ಸಲ.

ಮೊದಲು ಒಂದು ಮಾತು. ಫೋನಿನಲ್ಲಿ ನೀನು, ‘ನಿಮ್ಮ ಮನೆಯಲ್ಲಿ ನೀರು ಕಾಯಿಸುವವರು ಬೇರೆ ಇದ್ದರು, ನಿನಗೆ ಹೊಗೆ ಎಂತ ಗೊತ್ತು’ ಎಂದೆ. ಅದಕ್ಕೇ ನಾನು ಕಟ್ ಮಾಡಿದ್ದು.

ಸಾಲು ಬರೆದುಕೊಡಲು ಆಗುವುದಿಲ್ಲ. ಆ ‘ಹತ್ತರಲ್ಲಿ ನಾಲ್ಕು’ ನಾನು ಕನಸು ಕಂಡು ಬರೆದದ್ದಲ್ಲ. ದೇಶದ ಹತ್ತಾರು ಊರುಗಳ ಮೀಟರುಗಳಿಂದ ತೆಗೆದದ್ದು. ಒಬ್ಬರು ಐದಕ್ಕೆ ಮೀಯುತ್ತಾರೆ, ಇನ್ನೊಬ್ಬರು ಏಳಕ್ಕೆ, ಮಕ್ಕಳು ಎಂಟಕ್ಕೆ, ಅಜ್ಜಂದಿರು ಹತ್ತಕ್ಕೆ. ಪ್ರತಿ ಊರೂ ತನ್ನ ಅತಿ ಕೆಟ್ಟ ಬೆಳಿಗ್ಗೆಗೆ ತಕ್ಕ ಟಿಸಿ ಕೇಳಿದರೆ ಅಷ್ಟು ತಾಮ್ರ, ಅಷ್ಟು ಕಬ್ಬಿಣ ವರ್ಷವಿಡೀ ಕಂಬದ ಮೇಲೆ ಸುಮ್ಮನೆ ಕೂತಿರುತ್ತದೆ. ಅದರ ಭಾರ ಎಲ್ಲರ ಬಿಲ್ಲಿನ ಮೇಲೆ ಬೀಳುತ್ತದೆ, ಗೀಸರ್ ಇಲ್ಲದವರ ಮೇಲೂ.

ನಿನಗೆ ಕಾಣುವುದು ಒಂದು ಟಿಸಿ. ನನ್ನೆದುರು ಇಡೀ ದೇಶದ ಬೇಡಿಕೆ ಒಂದು ಗೆರೆಯಾಗಿ ಓಡುತ್ತಿರುತ್ತದೆ. ಜನವರಿಯ ಬೆಳಿಗ್ಗೆ ಉತ್ತರದವರೆಲ್ಲ ಹೀಟರ್, ಗೀಸರ್ ಹಾಕುವಾಗ ಆ ಗೆರೆ ಏರುವುದನ್ನು ನೋಡಿದರೆ ನಿನಗೂ ಹೆದರಿಕೆಯಾದೀತು. ಆ ಹೊತ್ತಿಗೆ ಬಿಸಿಲು ಬಿದ್ದಿರುವುದಿಲ್ಲ, ಸೌರ ವಿದ್ಯುತ್ ಸೊನ್ನೆ. ಕಲ್ಲಿದ್ದಲಿನ ಸ್ಥಾವರಗಳು ಸ್ವಿಚ್ ಹಾಕಿದ ಕೂಡಲೇ ಏಳುವುದಿಲ್ಲ. ಅದೇ ಮಧ್ಯಾಹ್ನ ಸೌರ ವಿದ್ಯುತ್ ಎಷ್ಟು ಬರುತ್ತದೆ ಎಂದರೆ, ಬಳಸುವವರಿಲ್ಲದೆ ಕೆಲವು ಕಡೆ ನಿಲ್ಲಿಸಿಬಿಡುತ್ತೇವೆ. ಸೌದೆ, ಗ್ಯಾಸು ಬಿಟ್ಟು ದೇಶವೆಲ್ಲ ಕರೆಂಟಿನಲ್ಲಿ ನೀರು ಕಾಯಿಸಲು ಹೊರಟರೆ ಎಷ್ಟು ಕರೆಂಟ್ ಬೇಕು ಎನ್ನುವುದು ಅರ್ಧ ಪ್ರಶ್ನೆ. ಯಾವ ಹೊತ್ತಿಗೆ ಬೇಕು ಎನ್ನುವುದು ಇನ್ನರ್ಧ, ಅದೇ ಕಷ್ಟದ್ದು.

ಹಾಗಾಗಿ ಹೀಗೆ ಮಾಡು. ಗೀಸರುಗಳಿಗೆ ಟೈಮರ್ ಕೂರಿಸು. ಮಧ್ಯಾಹ್ನ ಬಿಸಿಲಿನ ಹೊತ್ತಿನಲ್ಲಿ ಕಾಯಲಿ, ಸರದಿಯ ಪ್ರಕಾರ. ಒಳ್ಳೆಯ ಟ್ಯಾಂಕಿನಲ್ಲಿ ನೀರು ಮರುದಿನ ಬೆಳಿಗ್ಗೆಯವರೆಗೆ ಮೀಯುವಷ್ಟು ಬೆಚ್ಚಗೆ ಇರುತ್ತದೆ. ನಿನ್ನ ಟಿಸಿಗೂ ಒಳ್ಳೆಯದು, ನನ್ನ ಗೆರೆಗೂ ಒಳ್ಳೆಯದು.

ಕಮಲಮ್ಮನಿಗೆ ನನ್ನ ನಮಸ್ಕಾರ ತಿಳಿಸು. ತಿಳಿಸುವ ಮನಸ್ಸಿದ್ದರೆ.

ಹರಿಪ್ರಿಯಾ


ಕಾಪು
21 ಸೆಪ್ಟೆಂಬರ್ 2025

ಹರಿ,

ನಿನ್ನ ನಮಸ್ಕಾರ ತಿಳಿಸಿದೆ. ‘ಅವಳಿಗೆ ಗೋಳಿಬಜೆ ತಿನ್ನಲು ಬರಲು ಹೇಳು’ ಎಂದರು ಅಮ್ಮ. ನಮ್ಮ ಜಗಳ ಅವರಿಗೆ ಹೇಳಿಲ್ಲ.

ಟೈಮರ್ ಕೂರಿಸಿದೆ. ನೀನು ಹೇಳಿದ್ದಕ್ಕಲ್ಲ, ಬೇರೆ ದಾರಿ ಇರಲಿಲ್ಲ. ಎಷ್ಟು ಬಾಯಿ ಸವೆಸಿದೆ ಎಂದು ನಿನಗೆ ಗೊತ್ತಾಗಲಿಕ್ಕಿಲ್ಲ. ಮಧ್ಯಾಹ್ನ ಕಾಯಿಸಿದ ನೀರಿನಲ್ಲಿ ಮರುದಿನ ಮೀಯುವುದೆಂದರೆ ನಿನ್ನೆಯ ಅನ್ನ ತಿಂದ ಹಾಗೆ ಅಲ್ವಾ ಎಂದು ಒಬ್ಬರು ಕೇಳಿದರು. ನಿನ್ನೆಯ ಅನ್ನವನ್ನು ನೀವು ಮೊಸರು ಹಾಕಿ ಚಪ್ಪರಿಸುವುದಿಲ್ಲವಾ ಎಂದು ನಾನೂ ಕೇಳಿದೆ. ಲವಿಟಾ ಮೊದಲು ಒಪ್ಪಿದಳು. ಅವಳ ಗಂಡನಿಗೆ ಮಲ್ಪೆಯಿಂದ ಮೀನು ತರುವ ಟೆಂಪೋ ಉಂಟು, ಬೆಳಗಿನ ಜಾವ ಎದ್ದು ಹೊರಡುವವನು. ಏಳುವಾಗಲೇ ನೀರು ಬಿಸಿ ಇದ್ದದ್ದು ಅವನಿಗೆ ಬಹಳ ಹಿಡಿಸಿತು. ಆಮೇಲೆ ಒಬ್ಬರನ್ನು ನೋಡಿ ಒಬ್ಬರು ಹಾಕಿಸಿಕೊಂಡರು.

ಪಕ್ಕದಲ್ಲಿ ಒಂದು ನೇರ ಸ್ವಿಚ್ಚನ್ನೂ ಕೊಟ್ಟಿದ್ದೇನೆ. ಮನೆಯಲ್ಲಿ ಬಾಣಂತಿ ಇದ್ದರೆ, ಜ್ವರ ಬಂದರೆ ಟೈಮರಿಗೆ ಕಾಯುತ್ತಾ ಕೂರಲು ಆಗುವುದಿಲ್ಲವಲ್ಲ.

ಹೇಳಲು ಹೊಟ್ಟೆ ಉರಿಯುತ್ತದೆ, ಆದರೂ ಹೇಳುತ್ತೇನೆ. ಟೈಮರ್ ಹಾಕಿದ ಮೇಲೆ ಒಂದು ಸಲವೂ ಫ್ಯೂಸ್ ಹೋಗಲಿಲ್ಲ. ಚೌತಿಗೂ ಹೋಗಲಿಲ್ಲ. ಅಮ್ಮ ಮೊನ್ನೆ ಯಂತ್ರ ತೆಗೆದಿಟ್ಟು ಅಂಗಳದಲ್ಲಿ ಒಂದು ಸುತ್ತು ನಡೆದರು. ಹಿತ್ತಲಿನ ಅಬ್ಬಲಿಗೆ ಹೂ ಕೊಯ್ದುಕೊಂಡು ಬಂದರು. ನಾನು ಆಫೀಸಿಗೆ ತಡವಾಗಿ ಹೋದೆ.

ಆದರೂ ಟಿಸಿ ಮುದಿಯೇ, ಸಣ್ಣದೇ. ಇದು ಹೊಟ್ಟೆನೋವಿಗೆ ಓಮದ ನೀರು ಕುಡಿಸಿದ ಹಾಗೆ, ಮದ್ದಲ್ಲ. ಆ ಸಾಲು ಬರೆದುಕೊಡು. ಒಳ್ಳೆಯ ಮಾತಿನಲ್ಲಿ ಕೇಳುತ್ತಿದ್ದೇನೆ.

ಸೌಮ್ಯಶ್ರೀ


ದೆಹಲಿ
5 ಅಕ್ಟೋಬರ್ 2025

ಸೌಮ್ಯಾ,

ನಿನ್ನ ಕಾಗದ ಓದಿ ಆಫೀಸಿನಲ್ಲಿ ಒಬ್ಬಳೇ ನಕ್ಕೆ. ನಿನ್ನೆಯ ಅನ್ನದ ಮಾತನ್ನು ನಮ್ಮ ನಿರ್ದೇಶಕರಿಗೂ ಹಿಂದಿಯಲ್ಲಿ ಹೇಳಿದೆ. ಅವರಿಗೆ ತೆಂಕುಬೈಲು ಬಹಳ ಇಷ್ಟವಾಗಿದೆ. ಈ ವರ್ಷದ ವರದಿಯಲ್ಲಿ ನಿಮ್ಮೂರಿಗೆ ಒಂದು ಪುಟವನ್ನೇ ಕೊಡುತ್ತಿದ್ದೇವೆ. ಒಂದು ಮೀನುಗಾರರ ಹಳ್ಳಿ ಹೊಗೆಯನ್ನೂ ಬಿಟ್ಟಿತು, ಗ್ರಿಡ್ಡಿಗೆ ಭಾರವೂ ಆಗಲಿಲ್ಲ ಎಂದು. ನಿನ್ನ ಹೆಸರು ಹಾಕಲೇ? ಅಂಗಳದಲ್ಲಿ ನಿಂತ ಕಮಲಮ್ಮನ ಒಂದು ಫೋಟೋ ಇದ್ದರೆ ಕಳಿಸು.

ಸಾಲಿನ ಮಾತು ಇನ್ನು ಬಿಡು. ಅಷ್ಟು ಗೀಸರುಗಳು ಹಳೆಯ ಟಿಸಿಯ ಮೇಲೆಯೇ ನಡೆಯುತ್ತಿವೆ ಎಂದು ನೀನೇ ಬರೆದಿದ್ದೀ. ಈಗ ದೊಡ್ಡದು ಬೇಕು ಎಂದು ನಾನು ಹೇಳಿದರೆ ಯಾರು ಕೇಳುತ್ತಾರೆ?

ದೀಪಾವಳಿಗೆ ಉಡುಪಿಗೆ ಬರುತ್ತೇನೆ. ಬಿಡುವಾದರೆ ಕಾಪುವಿಗೂ ಬರುವ ಆಲೋಚನೆ ಉಂಟು. ನೀನು ಬಾಗಿಲು ತೆಗೆಯುತ್ತೀ ಎಂದಾದರೆ.

ಹರಿ


ಮಣಿಪಾಲ
26 ಅಕ್ಟೋಬರ್ 2025

ಹರಿಪ್ರಿಯಾ,

ಆಸ್ಪತ್ರೆಯ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಮ್ಮ ಒಳಗೆ ಇದ್ದಾರೆ. ಉಸಿರು ಉಂಟು.

ನಡೆದದ್ದನ್ನು ಬರೆಯಲೇಬೇಕು, ಇಲ್ಲದಿದ್ದರೆ ತಲೆ ಒಡೆದುಹೋಗುತ್ತದೆ. ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ ಅಲ್ವಾ. ಹಂಡೆಯ ಹಳೆಯ ನೀರು ಚೆಲ್ಲಬೇಕು, ತಿಕ್ಕಿ ತೊಳೆಯಬೇಕು, ಹೊಸ ನೀರು ತುಂಬಿಸಿ, ಸುಣ್ಣದ ಗೆರೆ ಎಳೆದು, ಹೂ ಕಟ್ಟಬೇಕು. ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲು ಆ ನೀರನ್ನೇ ಕಾಯಿಸಿ ಎಣ್ಣೆ ಸ್ನಾನ. ಹಂಡೆ ಹೋಗಿ ಗೀಸರ್ ಬಂದ ಮಾತ್ರಕ್ಕೆ ಹಬ್ಬ ಹೋಗುತ್ತದೆಯೇ? ನಮ್ಮೂರಿನಲ್ಲಿ ಮನೆಮನೆಯಲ್ಲೂ ಬಿಸಿನೀರಿನ ನಲ್ಲಿ ತಿರುಗಿಸಿ, ತಣ್ಣೀರು ಬರುವವರೆಗೆ ಹರಿಯಬಿಟ್ಟರು. ಮಧ್ಯಾಹ್ನ ನಿನ್ನ ಬಿಸಿಲಿನಲ್ಲಿ ಕಾದ ನೀರೆಲ್ಲ ಚರಂಡಿಗೆ ಹೋಯಿತು. ಗೀಸರಿನ ಹೊಟ್ಟೆ ಒರೆಸಿ, ಸುಣ್ಣ ಬಳಿದು, ಗೊಂಡೆ ಹೂವಿನ ಮಾಲೆ ಹಾಕಿದರು.

ನಾನೂ ಹಾಕಿದೆ. ಅಮ್ಮ ಮಂಚದಿಂದ, ನಲ್ಲಿ ಪೂರ್ತಿ ಬಿಡು, ಮಾಲೆ ಸೊಟ್ಟಗಾಯಿತು ಎಂದೆಲ್ಲ ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಇಂಜಿನಿಯರ್ ಅಂತೆ. ನನ್ನ ಕೈಯಿಂದಲೇ ಬಿಸಿನೀರು ಚೆಲ್ಲಿದೆ, ಒಂದು ಕ್ಷಣವೂ ತಲೆ ಓಡಲಿಲ್ಲ. ಊರೆಲ್ಲ ಇದನ್ನೇ ಮಾಡುತ್ತಿದೆ, ಬೆಳಿಗ್ಗೆ ಎಂತ ಆಗುತ್ತದೆ ಎಂದು ಹೊಳೆಯಲೇ ಇಲ್ಲ. ಚಿಕ್ಕಂದಿನಿಂದ ಮಾಡಿದ ಕೆಲಸ, ಕೈ ತನ್ನಷ್ಟಕ್ಕೆ ಮಾಡಿತು.

ಬೆಳಿಗ್ಗೆ ಎಲ್ಲರೂ ಎಣ್ಣೆ ಹಚ್ಚಿಕೊಂಡು ನೇರ ಸ್ವಿಚ್ ಹಾಕಿದರು. ಹತ್ತರಲ್ಲಿ ನಾಲ್ಕಲ್ಲ ಮಾರಾಯ್ತಿ, ಹತ್ತರಲ್ಲಿ ಹತ್ತು. ಈ ಹಬ್ಬ ಇಲ್ಲದ, ಚರ್ಚಿಗೆ ಹೋಗುವ ಲವಿಟಾಳ ಮನೆಯಲ್ಲೂ. ಊರೆಲ್ಲ ಮೀಯುವಾಗ ನಾವು ಸುಮ್ಮನೆ ಕೂರುವುದು ಹೇಗೆ ಎಂದು ಅವಳ ಮಕ್ಕಳೂ ಎಣ್ಣೆ ಹಚ್ಚಿಕೊಂಡಿದ್ದರಂತೆ. ದೀಪಗಳು ಮಂಕಾದವು, ಕಂಬದ ಕಡೆಯಿಂದ ದೊಡ್ಡ ಶಬ್ದ ಬಂತು. ನಾನು ತಲೆಯಲ್ಲಿ ಎಣ್ಣೆ ಇಟ್ಟುಕೊಂಡೇ ಓಡಿದೆ. ಟಿಸಿ ಸುಟ್ಟಿತ್ತು. ಲೈನ್‌ಮನ್ ವಾಸುವನ್ನು ಕರೆಸಿ ಅದರ ಬುಡದಲ್ಲಿ ನಿಂತಿದ್ದೆ.

ನಾನು ಅಲ್ಲಿ ನಿಂತಿರುವಾಗ ಮನೆಗಳಲ್ಲಿ ಜನ ಎಂತ ಮಾಡಬೇಕು? ಮೈಯೆಲ್ಲ ಎಣ್ಣೆ, ಮಕ್ಕಳು ನಡುಗುತ್ತಿದ್ದಾರೆ, ಸೂರ್ಯ ಹುಟ್ಟಿದರೆ ಸ್ನಾನ ತಪ್ಪಿತು. ಹಿತ್ತಲಿಗೆ ಎಸೆದ ಹಂಡೆಗಳನ್ನು ಎಳೆತಂದು ಹಸಿ ಮಡಲಿಗೆ ಬೆಂಕಿ ಕೊಟ್ಟರು, ಎಲ್ಲ ಮನೆಯವರೂ. ಗಾಳಿ ಇರಲಿಲ್ಲ. ಹೊಗೆ ಮೇಲೆ ಹೋಗದೆ ಮನೆಗಳ ನಡುವೆಯೇ ನಿಂತಿತು. ಅಮ್ಮನ ಯಂತ್ರ ನಿಂತಿತ್ತು. ಆಮ್ಲಜನಕದ ಸಿಲಿಂಡರ್ ಹಾಕಿಕೊಡಲು ಮನೆಯಲ್ಲಿ ನಾನಿರಲಿಲ್ಲ. ಲವಿಟಾ ಕೆಮ್ಮು ಕೇಳಿ ಓಡಿ ಬಂದು, ಗಂಡನ ಮೀನಿನ ಟೆಂಪೋದಲ್ಲಿ ಅಮ್ಮನನ್ನು ಮಲಗಿಸಿಕೊಂಡು ಮಣಿಪಾಲಕ್ಕೆ ತಂದಳು. ನನಗೆ ಗೊತ್ತಾಗುವಾಗ ಟೆಂಪೋ ಹೈವೇ ಸೇರಿತ್ತು.

ನಿನ್ನ ಮೇಲೆ ಎಷ್ಟು ಕೋಪ ಉಂಟೋ ಅಷ್ಟೇ ನನ್ನ ಮೇಲೂ ಉಂಟು. ಇಬ್ಬರಿಗೂ ಹಂಚಿದರೂ ಇನ್ನೂ ಉಳಿಯುತ್ತದೆ. ನಿನ್ನ ವರದಿಗೆ ಫೋಟೋ ಕಳಿಸುವುದಿಲ್ಲ.

ಸೌಮ್ಯಶ್ರೀ


ದೆಹಲಿ
9 ನವೆಂಬರ್ 2025

ಸೌಮ್ಯಾ,

ಆ ಬೆಳಿಗ್ಗೆ ನಾನು ಉಡುಪಿಯಲ್ಲಿದ್ದೆ. ಹಿಂದಿನ ಸಂಜೆ ನನ್ನ ಅಮ್ಮ ಬಚ್ಚಲಿನಲ್ಲಿ ನಲ್ಲಿ ಬಿಟ್ಟು ನಿಂತಿದ್ದರು. ಮಾಲೆ ಎತ್ತಿಕೊಟ್ಟವಳು ನಾನು. ಹರಿದುಹೋಗುವ ನೀರಿನ ಹಬೆ ನೋಡಿದೆ. ದೇಶದಲ್ಲಿ ಯಾರು ಯಾವಾಗ ನೀರು ಕಾಯಿಸುತ್ತಾರೆ ಎಂದು ನಾಲ್ಕು ವರ್ಷ ಕೂತು ಲೆಕ್ಕ ಹಾಕಿದವಳು ನಾನೇ, ಸೌಮ್ಯಾ. ನನಗೂ ಹೊಳೆಯಲಿಲ್ಲ.

ಮಿಂದು ಬಂದು ಮೊಬೈಲಿನಲ್ಲಿ ದೇಶದ ಗೆರೆ ನೋಡಿದೆ. ಹಬ್ಬದ ರಜೆ, ಕಾರ್ಖಾನೆಗಳು ಮುಚ್ಚಿದ್ದವು. ಗೆರೆ ಎಷ್ಟು ಸಮಾಧಾನವಾಗಿತ್ತು ಎಂದರೆ ‘ಒಳ್ಳೆಯ ಬೆಳಿಗ್ಗೆ’ ಎಂದು ನಮ್ಮ ತಂಡದವರಿಗೆ ಸಂದೇಶ ಕಳಿಸಿದೆ. ಆ ಹೊತ್ತಿಗೆ ಕಮಲಮ್ಮ ಟೆಂಪೋದಲ್ಲಿ ಇದ್ದಿರಬೇಕು.

ಸುದ್ದಿ ಗೊತ್ತಾದದ್ದು ಎರಡು ದಿನ ಕಳೆದು. ಆಸ್ಪತ್ರೆಗೆ ಬಂದಿದ್ದೆ. ನೀನು ಬೆಂಚಿನ ಮೇಲೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದೆ. ಸ್ವಲ್ಪ ಹೊತ್ತು ನಿಂತು ನೋಡಿದೆ, ಎಬ್ಬಿಸಲಿಲ್ಲ.

ತೆಂಕುಬೈಲಿನ ಪುಟವನ್ನು ವರದಿಯಿಂದ ತೆಗೆಸಿದ್ದೇನೆ. ಸಾಲನ್ನೂ ಬರೆದು ನಿರ್ದೇಶಕರ ಮುಂದಿಟ್ಟೆ. ಒಂದು ಊರಿನ ಒಂದು ದಿನದ ಕತೆಗೆ ದೇಶದ ಲೆಕ್ಕ ಬದಲಿಸಲು ಬರುವುದಿಲ್ಲ ಎಂದರು. ಅವರು ಸುಳ್ಳು ಹೇಳಲಿಲ್ಲ. ನಾನು ನಿನಗೆ ಬರೆದದ್ದೂ ಅದನ್ನೇ. ಬೇರೆಯವರ ಬಾಯಿಂದ ಕೇಳುವಾಗ ಮೈ ಉರಿಯಿತು.

ಮೀಟರಿನ ದಾಖಲೆ ಇದ್ದರೆ ಮಾತ್ರ ಅವರು ಅಲುಗಾಡುತ್ತಾರೆ. ಹೊಸ ಟಿಸಿ ಹಾಕುವಾಗ ಅದಕ್ಕೆ ಲೋಡ್ ಅಳೆಯುವ ಮೀಟರ್ ಕೂರಿಸು. ಬೆಳಗಿನ ಏರಿಕೆ ಒಂದು ಸಲ ಅದರಲ್ಲಿ ಬೀಳಲಿ. ಉಳಿದದ್ದು ನನಗೆ ಬಿಡು.

ಹರಿ


ಕಾಪು
7 ಡಿಸೆಂಬರ್ 2025

ಹರಿ,

ನೀನು ಎಬ್ಬಿಸಬೇಕಿತ್ತು. ಬೈಯುತ್ತಿದ್ದೆ, ಆದರೂ ಎಬ್ಬಿಸಬೇಕಿತ್ತು.

ಟಿಸಿ ಬಂತು. ಅರವತ್ತಮೂರೇ. ಸುಟ್ಟದ್ದು ಎಷ್ಟರದ್ದೋ ಅಷ್ಟರದ್ದೇ ಕೊಡುವುದು ನಿಯಮವಂತೆ. ನೀನು ಹೇಳಿದ ಹಾಗೆ ಮೀಟರ್ ಕೂರಿಸಿದೆ. ಮೂರು ವಾರ ಕಳೆದು ದಾಖಲೆ ತೆಗೆದು ನೋಡುತ್ತೇನೆ, ಬೆಳಗಿನ ಏರಿಕೆ ಎನ್ನುವುದೇ ಇಲ್ಲ! ಮಧ್ಯಾಹ್ನವೂ ಇಲ್ಲ. ಊರಿನವರು ದೀಪ, ಫ್ಯಾನು, ಒಂದಿಷ್ಟು ಅಡುಗೆಯ ಒಲೆ ಬಿಟ್ಟರೆ ಬೇರೇನೂ ಹಾಕುತ್ತಿಲ್ಲ. ಹಂಡೆಗೆ ಹೋದರು ಎಂದುಕೊಂಡು ಸಿಟ್ಟಿನಿಂದ ಒಂದು ಸುತ್ತು ಹಾಕಿದೆ. ಎಲ್ಲಿಯೂ ಬೂದಿ ಇಲ್ಲ.

ಲವಿಟಾಳನ್ನು ನಿಲ್ಲಿಸಿ ಕೇಳಿದೆ. ಒತ್ತಾಯ ಮಾಡಿದ ಮೇಲೆ ಹೇಳಿದಳು. ಎಲ್ಲ ಮನೆಯವರೂ ತಣ್ಣೀರಿನಲ್ಲಿ ಮೀಯುತ್ತಿದ್ದಾರೆ. ಬೆಂಕಿ ಹಾಕಿದರೆ ಕಮಲಕ್ಕ ಬರಲಿಕ್ಕಿಲ್ಲ, ಗೀಸರ್ ಹಾಕಿದರೆ ಟಿಸಿ ಹೋಗಿ ಅವರ ಯಂತ್ರ ನಿಲ್ಲುತ್ತದೆ, ಅವರು ಮನೆಗೆ ಬಂದು ಸೇರುವವರೆಗೆ ಎರಡೂ ಬೇಡ ಎಂದು ಅವರವರೇ ಮಾತಾಡಿಕೊಂಡರಂತೆ. ಈ ಡಿಸೆಂಬರಿನಲ್ಲಿ, ಸಣ್ಣ ಮಕ್ಕಳನ್ನು ಕಟ್ಟಿಕೊಂಡು. ನನಗೆ ಯಾರೂ ಹೇಳಲಿಲ್ಲ. ನಾನು ಅಲ್ಲೇ ಅವಳ ಚಾವಡಿಯಲ್ಲಿ ಕೂತು ಅತ್ತೆ.

ಇನ್ನು ವಿಜಯೀಂದ್ರ ಸಾಹೇಬರ ಬಳಿಗೆ ಹೋದ ಕತೆ ಕೇಳು. ದಾಖಲೆ ನೋಡಿ ಅವರಿಗೆ ಖುಷಿಯೋ ಖುಷಿ. ‘ನೋಡಿ ಮೇಡಂ, ನಿಮ್ಮೂರಿನ ಲೋಡ್ ಇಳಿದುಂಟು. ಇದ್ದ ಟಿಸಿಯೇ ಹೆಚ್ಚಾಯಿತು’ ಎಂದು ಫೈಲ್ ಮುಚ್ಚಿದರು. ಜನ ನಡುಗುತ್ತಾ ಮಿಂದದ್ದು ಮೀಟರಿನಲ್ಲಿ ಬೀಳುವುದಿಲ್ಲ, ಹರಿ. ಬೇಡಿಕೆ ಇಲ್ಲ ಎಂದು ಬೀಳುತ್ತದೆ. ನಿನ್ನ ದೇಶದ ಗೆರೆಯಲ್ಲಿಯೂ ಹಾಗೆಯೇ ಇರಬೇಕು. ಕರೆಂಟ್ ಬೇಡವಾದವರೂ, ಸಿಗದೆ ಬಿಟ್ಟವರೂ ಅದರಲ್ಲಿ ಒಂದೇ ಅಲ್ವಾ?

ಅಮ್ಮ ಈಗ ಆಸ್ಪತ್ರೆಯ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿದ್ದಾರೆ. ದಿನಾ ಮನೆಗೆ ಯಾವಾಗ ಎಂದು ಕೇಳುತ್ತಾರೆ. ತಣ್ಣೀರಿನ ವಿಷಯ ಹೇಳಬಾರದಿತ್ತು, ಹೇಳಿಬಿಟ್ಟೆ. ನಳಿಗೆ ಕಿತ್ತು ಕೈಯಲ್ಲಿ ಹಿಡಿದುಕೊಂಡು ನನ್ನನ್ನು ಬೈದರು. ಲವಿಟಾಗೆ ಫೋನ್ ಹಚ್ಚಿಸಿ ಹೇಳಿದ್ದು ಇಷ್ಟೇ: ‘ಕರೆಂಟ್ ಹೋದರೆ ನಾನು ಸಿಲಿಂಡರ್ ಹಾಕಿಕೊಳ್ಳುತ್ತೇನೆ. ಬೆಂಕಿ ಹಾಕಿದರೆ ಇಲ್ಲೇ ಇರುತ್ತೇನೆ. ಮಕ್ಕಳನ್ನು ತಣ್ಣೀರಲ್ಲಿ ಮೀಯಿಸಿದರೆ ಮಾತ್ರ ಆ ಊರಿಗೆ ಕಾಲಿಡುವುದಿಲ್ಲ.’ ಆಮೇಲೆ ಅರ್ಧ ಗಂಟೆ ಕೆಮ್ಮಿದರು.

ನಾನು ನಿರ್ಧಾರ ಮಾಡಿದ್ದೇನೆ. ಮುಂದಿನ ವಾರ ಊರಿನವರನ್ನೆಲ್ಲ ಸೇರಿಸಿ, ಬೆಳಿಗ್ಗೆ ಒಟ್ಟಿಗೆ ನೇರ ಸ್ವಿಚ್ ಹಾಕಿ ಎನ್ನುತ್ತೇನೆ. ಟಿಸಿ ಸುಟ್ಟರೆ ಸುಡಲಿ, ಮೀಟರಿನಲ್ಲಿ ಬೀಳಲಿ. ಇಂಜಿನಿಯರ್ ಮಾಡುವ ಕೆಲಸವಲ್ಲ ಎಂದು ಗೊತ್ತು. ಅಮ್ಮ ಅಲ್ಲಿ ಇಲ್ಲದಿರುವಾಗಲೇ ಮಾಡಬೇಕು.

ಸೌಮ್ಯ


ದೆಹಲಿ
15 ಡಿಸೆಂಬರ್ 2025

ಸೌಮ್ಯಾ,

ಗೊತ್ತಿದ್ದೂ ಮಿತಿಮೀರಿ ಲೋಡ್ ಹಾಕಿಸಿದಳು ಎಂದು ನಿನ್ನನ್ನು ಅಮಾನತು ಮಾಡಬಹುದು. ಬೇಡ ಎಂದು ಬರೆಯಬೇಕಾದವಳು ನಾನು. ಬರೆಯುವುದಿಲ್ಲ.

ದಾಖಲೆ ನೇರವಾಗಿ ನನಗೆ ಕಳಿಸು. ಇಲ್ಲಿ ಯಾರು ಕೇಳಿದರೂ, ಅಳತೆ ಮಾಡಲು ಹೇಳಿದ್ದು ನಾನು ಎನ್ನುತ್ತೇನೆ. ಈಗಾಗಲೇ ಹಾಗೆಂದು ಬರೆದು ಸಹಿ ಮಾಡಿ ನಿರ್ದೇಶಕರಿಗೆ ಕೊಟ್ಟಿದ್ದೇನೆ. ಅವರು ಈಗ ನನ್ನ ಜೊತೆ ಚಹಾ ಕುಡಿಯುವುದಿಲ್ಲ.

ಹರಿ


ಕಾಪು
25 ಜನವರಿ 2026

ಹರಿ,

ನೂರರ ಟಿಸಿ ನಿನ್ನೆ ಏರಿತು.

ಅದಕ್ಕೆ ಮೊದಲು ನಡೆದದ್ದು ನಿನಗೆ ಅರ್ಧ ಗೊತ್ತುಂಟು. ಮೊದಲ ಎರಡು ಬೆಳಿಗ್ಗೆ ಆ ಮೂರ್ಖ ಟಿಸಿ ಸುಮ್ಮನೆ ತಡೆದುಕೊಂಡಿತು. ಬೇಕಾದಾಗ ತಡೆಯಲಿಲ್ಲ, ಬೇಡದಾಗ ತಡೆಯಿತು. ನನಗೆ ಅದಕ್ಕೆ ಒದೆಯುವಷ್ಟು ಕೋಪ ಬಂತು. ಮೂರನೆಯ ಬೆಳಿಗ್ಗೆ ಯಾರದೋ ಮನೆಗೆ ನೆಂಟರು ಬಂದು ಗೀಸರುಗಳ ಜೊತೆ ಅವರ ಒಲೆಗಳೂ ಸೇರಿ ಹೊತ್ತಿದಾಗ ಫ್ಯೂಸುಗಳು ಒಟ್ಟಿಗೆ ಹಾರಿದವು. ಮೀಟರಿನಲ್ಲಿ ಗೆರೆ ಗೋಡೆಯ ಹಾಗೆ ನೆಟ್ಟಗೆ ಎದ್ದಿತ್ತು. ನೀನು ಅದನ್ನು ಹಿಡಿದುಕೊಂಡು ಯಾರ ಯಾರ ಬಾಗಿಲಿಗೆ ಹೋದೆಯೋ ಗೊತ್ತಿಲ್ಲ. ಮಾರ್ಗದರ್ಶಿಗೆ ನಿನ್ನ ಸಾಲು ಸೇರಿದ ಸುತ್ತೋಲೆ ಬಂತು: ಊರಿಗೆ ಊರೇ ಒಂದೇ ಹೊತ್ತಿಗೆ ನೀರು ಕಾಯಿಸುವ ಕಡೆ ಈ ಲೆಕ್ಕ ಬಳಸಬಾರದು. ವಿಜಯೀಂದ್ರ ಸಾಹೇಬರು ನನ್ನ ಮುಖ ನೋಡದೆ ಸಹಿ ಹಾಕಿದರು. ಜೊತೆಗೆ ನನಗೊಂದು ನೋಟಿಸನ್ನೂ ಕೊಟ್ಟರು, ಕಾರಣ ಕೇಳಿ. ಕೊಡಲಿ.

ಇನ್ನೊಂದು ವಿಷಯ ನಿನಗೆ ಹೇಳಿಲ್ಲ. ಹೊಸ ವರ್ಷದ ವಾರ ಅಮ್ಮನನ್ನು ಮತ್ತೆ ಸ್ಕ್ಯಾನ್ ಮಾಡಿದರು. ಆ ಬೆಳಗಿನ ಹೊಗೆಯಿಂದ ಶ್ವಾಸಕೋಶಕ್ಕೆ ಬಿದ್ದ ಪೆಟ್ಟು ಇನ್ನು ವಾಸಿಯಾಗುವುದಿಲ್ಲವಂತೆ. ಆಸ್ಪತ್ರೆಯಿಂದ ದೂರ ಇರಬಾರದು, ಕಾಪುವಿಗೆ ಕರೆದುಕೊಂಡು ಹೋಗುವ ಆಸೆ ಬಿಡಿ ಎಂದು ಡಾಕ್ಟರು ಹೇಳಿದರು. ಮನೆಗೆ ಹೋಗುವುದಕ್ಕೆಂದು ಅಮ್ಮ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬಿಸಿ ಇಟ್ಟಿದ್ದರು. ನಾನು ಹೇಳಿದ ಮೇಲೆ ಒಂದೊಂದೇ ತೆಗೆದು ಕಪಾಟಿನಲ್ಲಿ ಇಟ್ಟರು. ಯಾರಿಗೆಂದು ಟಿಸಿ ಕೇಳಿದ್ದೆನೋ ಅವರಿಗೆ ಅದು ಬೇಡವಾಯಿತು. ಆಗಸ್ಟಿನಲ್ಲಿ ಬಂದಿದ್ದರೆ ಎಂದು ನಾನು ದಿನಕ್ಕೆ ನೂರು ಸಲ ನೆನೆಸುತ್ತೇನೆ. ನೀನೂ ನೆನೆಸುತ್ತೀ, ಅದು ನನಗೆ ಗೊತ್ತು. ಇದರ ಬಗ್ಗೆ ಇನ್ನು ನಾವು ಬರೆಯುವುದು ಬೇಡ. ನೀನು ಬಂದು ಅಮ್ಮನನ್ನು ನೋಡು. ಈಗ ಅವರು ಇರುವುದು ಉಡುಪಿಯ ನಿಮ್ಮ ಮನೆಗೇ ಹತ್ತಿರ.

ಈ ದಿನ ಬೆಳಿಗ್ಗೆ ನಾನು ಕತ್ತಲಿರುವಾಗಲೇ ಹೋಗಿ ಹೊಸ ಟಿಸಿಯ ಕೆಳಗೆ ನಿಂತೆ. ವಾಸುವೂ ಇದ್ದ. ಒಬ್ಬೊಬ್ಬರೇ ಸ್ವಿಚ್ ಹಾಕಿದರು, ಮೀಟರ್ ಏರುತ್ತಾ ಹೋಯಿತು, ಟಿಸಿ ತಣ್ಣಗೆ ಇತ್ತು. ಎಲ್ಲಿಯೂ ಹೊಗೆ ಇಲ್ಲ. ಸೂರ್ಯ ಬಂದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಟಿಸಿ ಹೇಗುಂಟು ಎಂದು ಅವರು ಕೇಳಲಿಲ್ಲ. ಲವಿಟಾಳ ಮನೆಯಲ್ಲಿ ನೀರು ಬಿಸಿ ಬಂತಾ ಎಂದು ಕೇಳಿದರು. ಬಂತು ಎಂದೆ. ಕಡಲ ಬದಿಯ ಮನೆಯಲ್ಲಿ? ಬಂತು. ಬಾವಿಕಟ್ಟೆಯವರಿಗೆ? ಅವರ ಮೊಮ್ಮಗುವನ್ನು ಮೀಯಿಸಿದರಾ? ಹೀಗೆ ಒಂದು ಮನೆ ಬಿಡದೆ ಕೇಳಿದರು. ನಡುನಡುವೆ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತಿತ್ತು. ನಾನು ಬಂತು, ಬಂತು ಎನ್ನುತ್ತಾ ಹೋದೆ.

‘ನಮ್ಮ ಮನೆಯಲ್ಲಿ?’ ಎಂದರು.

ನಮ್ಮ ಮನೆಯ ಸ್ವಿಚ್ಚನ್ನು ನಾನು ಹಾಕಿರಲೇ ಇಲ್ಲ. ಅಲ್ಲಿ ಮೀಯುವವರು ಯಾರಿದ್ದಾರೆ ಎಂದೆ.

‘ನೀನೊಬ್ಬಳು ಇದ್ದೀಯಲ್ಲ’ ಎಂದರು ಅಮ್ಮ. ‘ಹೋಗು, ಬಿಸಿ ನೀರು ಹೊಯ್ದುಕೋ.’

ಸೌಮ್ಯ